ಓದಲು ಬಾರದ ಮಾಮು, ನುಡಿಸಲು ಬಾರದ ನಾನು

ಸಂಗೀತಗಾರರಿಗೆ ಸ್ವರಲಿಪಿ ಓದಲು ಬರಲೇಬೇಕೆ? ನಾನು ವಾಣಿಜ್ಯ ವಿಭಾಗದ ಹುಡುಗಿ. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ನನ್ನ ಪ್ರಪಂಚ. ಮನೆಯಲ್ಲಿ ಮಾತನಾಡುವುದು ಉರ್ದು, ಹೊರಗೆ ಕನ್ನಡ. ಹಾಡಲೂ ಬಾರದು, ಯಾವ ವಾದ್ಯ ನುಡಿಸಲೂ ಬಾರದು. ಇಂಥವಳಿಗೆ ಈ ಪ್ರಶ್ನೆ ಏಕೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಾಮು, ಅಂದರೆ ಅಮ್ಮಿಯ ಅಣ್ಣ, ಹುಬ್ಬಳ್ಳಿಯಲ್ಲಿ ಬ್ಯಾಂಡ್ ಬಾರಿಸುವವರು. ಬ್ಯಾಂಡಿನಲ್ಲಿ ಅವರದು ಕ್ಲಾರಿನೆಟ್. ಮದುವೆ ಮೆರವಣಿಗೆ, ಗಣೇಶ ವಿಸರ್ಜನೆ, ಉರುಸಿನ ಗಂಧದ ಮೆರವಣಿಗೆ, ನಿವೃತ್ತರಾದ ಸಾಹೇಬರ ಬೀಳ್ಕೊಡುಗೆ ಹೀಗೆ ಕರೆದಲ್ಲಿಗೆ ಹೋಗುತ್ತಾರೆ. ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಎಲ್ಲರದೂ ಒಂದೇ ಅಭಿಪ್ರಾಯವಲ್ಲ ಎಂಬುದು ನನಗೆ ಗೊತ್ತು. ಆ ಚರ್ಚೆ ತಿಳಿದವರು ಮಾಡಲಿ. ನಾನು ಹೇಳುತ್ತಿರುವುದು ಮೂವತ್ತು ವರ್ಷ ಒಂದೇ ಕಸುಬಿನಿಂದ ಮಕ್ಕಳನ್ನು ಸಾಕಿದ ಒಬ್ಬ ಮನುಷ್ಯನ ವಿಷಯ.

ಮಾಮು ಶಾಲೆಗೆ ಹೋದದ್ದು ಐದನೇ ತರಗತಿಯವರೆಗೆ. ಕ್ಲಾರಿನೆಟ್ ಕಲಿತದ್ದು ಬ್ಯಾಂಡಿನ ಹಿರಿಯ ಉಸ್ತಾದರ ಪಕ್ಕ ಕುಳಿತು. ಉಸ್ತಾದರು ಒಂದು ಸಾಲು ನುಡಿಸುವುದು, ಇವರು ಅದನ್ನೇ ನುಡಿಸುವುದು. ತಪ್ಪಿದರೆ ಮೊಣಕೈಗೆ ಒಂದು ಏಟು. ಕಾಗದವೇ ಇರಲಿಲ್ಲ. ಇಂದಿಗೂ ಯಾರಾದರೂ ಹೊಸ ಸಿನಿಮಾ ಹಾಡು ಬೇಕೆಂದು ಕೇಳಿದರೆ, ಮೊಬೈಲಿನಲ್ಲಿ ಮೂರು ಸಲ ಹಾಕಿಸಿಕೊಂಡು ಕೇಳುತ್ತಾರೆ. ನಾಲ್ಕನೆಯ ಸಲ ಜೊತೆಗೇ ನುಡಿಸುತ್ತಾರೆ. ಹಾರ್ಮೋನಿಯಂನವರು 'ಬಿಳಿ ಒಂದು' ಎಂದರೂ ಸರಿ, 'ಕಪ್ಪು ಮೂರು' ಎಂದರೂ ಸರಿ, ಅವರ ಬೆರಳು ತಾನಾಗಿ ಜಾಗ ಹಿಡಿಯುತ್ತದೆ. ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್‌ಗಳಲ್ಲಿ ಒಂದೇ ಹೆಸರಿನ ಸ್ವರ ಊದಿದರೂ ಹೊರಡುವ ಶ್ರುತಿ ಬೇರೆ ಬೇರೆ. ಪುಸ್ತಕ ಓದಿದವರಿಗೂ ಈ ಲೆಕ್ಕ ತಲೆನೋವು. ಮಾಮು ಆ ಲೆಕ್ಕವನ್ನು ಕಿವಿಯಲ್ಲೇ ಮಾಡುತ್ತಾರೆ.

ಬ್ಯಾಂಡಿನ ಹಣದ ಲೆಕ್ಕ ಮಾತ್ರ ನಾನು ಬರೆಯುತ್ತೇನೆ. ಯಾರ ಮದುವೆ, ಎಷ್ಟು ಸಂಚಕಾರ ಬಂತು, ಎಷ್ಟು ಬಾಕಿ, ಡ್ರಮ್ಮಿನ ಚರ್ಮಕ್ಕೆ ಎಷ್ಟು, ಟೆಂಪೋ ಬಾಡಿಗೆ ಎಷ್ಟು ಎಂಬುದೆಲ್ಲ ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಪ್ರೌಢಶಾಲೆಯಲ್ಲಿದ್ದಾಗ ನಮ್ಮ ಸಂಗೀತದ ಟೀಚರ್ ಹಿಂದೂಸ್ತಾನಿ ಸ್ವರಲಿಪಿಯ ಗುರುತುಗಳನ್ನು ಹೇಳಿಕೊಟ್ಟಿದ್ದರು. ಕೋಮಲ ಸ್ವರಕ್ಕೆ ಅಕ್ಷರದ ಕೆಳಗೆ ಅಡ್ಡ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ನೆಟ್ಟ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ತಾಳದ ಸಮ್‌ಗೆ ಗುಣಾಕಾರದ ಚಿಹ್ನೆ, ಖಾಲಿಗೆ ಸೊನ್ನೆ. ಗೆರೆ, ಅಂಕಿ ಎಂದರೆ ನನಗೆ ಇಷ್ಟ. ಆದ್ದರಿಂದ ಲೆಕ್ಕದ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ಮಾಮು ನುಡಿಸುವ ಹಳೆಯ ಧಾಟಿಗಳನ್ನು ಬರೆಯತೊಡಗಿದೆ. ಮುಂದಿನಿಂದ ರೂಪಾಯಿ, ಹಿಂದಿನಿಂದ ಸರಿಗಮ.

ಮೊನ್ನೆ ಮೊನ್ನೆಯವರೆಗೆ ಇದು ಬರೀ ಹವ್ಯಾಸ. ಆಗ ಒಂದು ಖಾಸಗಿ ಶಾಲೆಯವರು ಮಕ್ಕಳ ಬ್ಯಾಂಡಿಗೆ ತರಬೇತಿ ಕೊಡುವವರು ಬೇಕೆಂದರು. ತಿಂಗಳ ಸಂಬಳದ ಕೆಲಸ. ಮದುವೆ ಸೀಸನ್ ಇಲ್ಲದ ಆಷಾಢದಲ್ಲೂ ಮೊಹರಂ ತಿಂಗಳಲ್ಲೂ ಕೈಗೆ ಹಣ ಬರುವ ಕೆಲಸ. ಮಾಮು ಒಗೆದ ಅಂಗಿ ಹಾಕಿಕೊಂಡು ಹೋದರು. ಅವರು ಕೊಟ್ಟ ಒಂದು ಹಾಡನ್ನು ಒಮ್ಮೆ ಕೇಳಿ ನುಡಿಸಿಯೂ ತೋರಿಸಿದರು. ಮೇಜಿನ ಮೇಲೆ ಐದು ಗೆರೆಯ ಒಂದು ಹಾಳೆ ಇಟ್ಟು, "ಇದನ್ನು ಓದುತ್ತೀರಾ? ಸರ್ಟಿಫಿಕೇಟ್ ಇದೆಯಾ?" ಎಂದು ಕೇಳಿದರಂತೆ. ಎರಡಕ್ಕೂ ಇಲ್ಲ. ಮನೆಗೆ ಬಂದು ಅಮ್ಮಿಯ ಮುಂದೆ ಅವರು ಹೇಳಿದ್ದು ಇಷ್ಟೇ: "ನಾನು ಬಾರಿಸಿದ್ದು ಅವರ ಕಿವಿಗೆ ಬಿತ್ತು, ಆದರೆ ಅವರಿಗೆ ಬೇಕಾದದ್ದು ಕಣ್ಣಿಗೆ ಕಾಣುವುದು."

ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಶಾಲೆಯವರು ಕೇಳಿದ್ದು ಸರಿಯೆ? ಮಾಮು ಸಂಗೀತಗಾರರಲ್ಲವೆ? ಉತ್ತರ ಹುಡುಕುತ್ತಾ ನಾನು ಓದಿದ್ದನ್ನು, ಯೋಚಿಸಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು 'ಬೇಡ' ಎನ್ನುವವರ ಪಕ್ಷ. ನಮ್ಮ ಸುತ್ತಲಿನ ನೆಲವೇ ಅದಕ್ಕೆ ಸಾಕ್ಷಿ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಮಲ್ಲಿಕಾರ್ಜುನ ಮನಸೂರರು ಅಲ್ಲಾದಿಯಾ ಖಾನ್ ಅವರ ಮಕ್ಕಳಾದ ಮಂಜೀ ಖಾನ್ ಮತ್ತು ಬುರ್ಜೀ ಖಾನ್ ಅವರಿಂದ ಕಲಿತರು. ಈ ಕಲಿಕೆಯೆಲ್ಲ ಗುರುವಿನ ಎದುರು ಕುಳಿತು, ಕೇಳಿ, ಹಾಡಿ, ಮತ್ತೆ ಹಾಡಿ ಆದದ್ದು. ಖಯಾಲ್ ಗಾಯನದಲ್ಲಿ ಬಂದಿಶ್ ಎಂಬುದು ಕೆಲವೇ ಸಾಲು. ಉಳಿದದ್ದೆಲ್ಲ ವೇದಿಕೆಯ ಮೇಲೆ ಆ ಹೊತ್ತಿಗೆ ಹುಟ್ಟುತ್ತದೆ. ಇನ್ನೂ ಹುಟ್ಟಿಲ್ಲದ ಸ್ವರವನ್ನು ಮೊದಲೇ ಬರೆದು ಓದುವುದು ಹೇಗೆ?

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳಿಗೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರು ಹಾಡುವುದರ ಜೊತೆಗೆ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು. ಅಂಧ ಮಕ್ಕಳು ಎಷ್ಟೋ ಜನ ಅಲ್ಲಿ ಸಂಗೀತ ಕಲಿತು ತಮ್ಮ ಕಾಲ ಮೇಲೆ ನಿಂತರು. ಕಾಗದ ನೋಡಿ ಓದಬಲ್ಲವನೇ ಸಂಗೀತಗಾರ ಎಂದರೆ ಇವರನ್ನೆಲ್ಲ ಎಲ್ಲಿ ಕೂರಿಸುವುದು? ಹೊರದೇಶದಲ್ಲೂ ಉದಾಹರಣೆ ಇದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತಮಗೆ ನೊಟೇಶನ್ ಓದಲು, ಬರೆಯಲು ಬಾರದು ಎಂದು ತಾವೇ ಹೇಳಿದ್ದಾರೆ. ಅವರ ಹಾಡುಗಳನ್ನು ಜಗತ್ತೆಲ್ಲ ಹಾಡುತ್ತದೆ.

ಈಗ 'ಬೇಕು' ಎನ್ನುವವರ ಪಕ್ಷ. ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಎಂಬತ್ತು, ನೂರು ಜನ ಒಟ್ಟಿಗೆ ಕೂರುತ್ತಾರೆ. ವಯಲಿನ್‌ನವರದು ಒಂದು, ಕೊಳಲಿನವರದು ಇನ್ನೊಂದು, ಒಬ್ಬೊಬ್ಬರ ಪಾಲೂ ಬೇರೆ. ಯಾರು ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದೂ ಬರೆದಿರುತ್ತದೆ. ಅಲ್ಲಿ ಕಾಗದವಿಲ್ಲದೆ ಕೆಲಸ ಸಾಗದು. ಅದೇ ಪಾಲ್ ಮೆಕಾರ್ಟ್ನಿ 1991ರಲ್ಲಿ 'ಲಿವರ್‌ಪೂಲ್ ಒರಟೋರಿಯೋ' ಎಂಬ ದೊಡ್ಡ ವಾದ್ಯವೃಂದದ ಕೃತಿ ಮಾಡಿದಾಗ, ಕಾರ್ಲ್ ಡೇವಿಸ್ ಎಂಬ ನೊಟೇಶನ್ ಬಲ್ಲ ಸಂಗೀತಗಾರರ ಜೊತೆ ಸೇರಿ ಮಾಡಿದರು. ಎಂದರೆ, ತನಗೆ ಬಾರದಿದ್ದರೂ ಬರುವವರೊಬ್ಬರು ಪಕ್ಕದಲ್ಲಿ ಇರಲೇಬೇಕಾಯಿತು.

ನಮ್ಮ ಹಿಂದಿ ಸಿನಿಮಾ ಹಾಡುಗಳ ಕಥೆಯೂ ಹೀಗೆಯೇ. ಹಳೆಯ ಮುಂಬಯಿ ಸ್ಟುಡಿಯೋಗಳಲ್ಲಿ ಗೋವಾದಿಂದ ಬಂದ ವಾದ್ಯಗಾರರು ಬಹಳ ಮಂದಿ ಇದ್ದರು. ಗೋವಾದ ಚರ್ಚ್ ಶಾಲೆಗಳಲ್ಲಿ ಚಿಕ್ಕಂದಿನಲ್ಲೇ ಐದು ಗೆರೆಯ ನೊಟೇಶನ್ ಓದಲು ಕಲಿತವರು ಅವರು. ಸಂಗೀತ ನಿರ್ದೇಶಕರು ಧಾಟಿ ಹಾಡಿ ತೋರಿಸಿದರೆ, ಸೆಬಾಸ್ಟಿಯನ್ ಡಿಸೋಜಾ, ಆಂಥೋನಿ ಗೊನ್ಸಾಲ್ವಿಸ್ ಅವರಂಥ ಅರೇಂಜರ್‌ಗಳು ಅದನ್ನು ಇಡೀ ವಾದ್ಯವೃಂದಕ್ಕೆ ಬರೆದು ಹಂಚುತ್ತಿದ್ದರು. ಗೊನ್ಸಾಲ್ವಿಸ್ ಅವರ ಬಳಿ ವಯಲಿನ್ ಕಲಿತ ಪ್ಯಾರೇಲಾಲ್ ಅವರು 1977ರ 'ಅಮರ್ ಅಕ್ಬರ್ ಆಂಥೋನಿ' ಚಿತ್ರದ ಹಾಡಿನಲ್ಲಿ ಗುರುವಿನ ಹೆಸರನ್ನೇ ಉಳಿಸಿದರು. ನಮ್ಮ ಮಾಮು ಮೆರವಣಿಗೆಯಲ್ಲಿ ನುಡಿಸುವ ಎಷ್ಟೋ ಹಳೆಯ ಹಾಡುಗಳು ಒಮ್ಮೆ ಹೀಗೆ ಕಾಗದದ ಮೇಲೆ ಬರೆಸಿಕೊಂಡೇ ಹುಟ್ಟಿದವು.

ಸ್ವರಲಿಪಿ ಎಂಬುದು ಪರದೇಶದ ವಸ್ತು, ನಮ್ಮದಲ್ಲ ಎನ್ನುವವರಿಗೂ ಒಂದು ಮಾತು. ಬರೋಡಾದಲ್ಲಿ ಮೌಲಾ ಬಕ್ಷ್ ಎಂಬ ಉಸ್ತಾದರಿದ್ದರು. ಅವರು ಮೈಸೂರಿಗೂ ಬಂದು ಕರ್ನಾಟಕ ಸಂಗೀತವನ್ನು ಅರಿತು, ಇಲ್ಲಿನ ಅರಸರಿಂದ ಮನ್ನಣೆ ಪಡೆದವರು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಗಾಯನಶಾಲೆ ಆರಂಭಿಸಿದರು. ಭಾರತೀಯ ಸಂಗೀತಕ್ಕೆ ತಮ್ಮದೇ ಒಂದು ಸ್ವರಲಿಪಿ ಮಾಡಿ ಪುಸ್ತಕಗಳನ್ನೂ ಹೊರತಂದರು. ವಿಷ್ಣು ದಿಗಂಬರ ಪಲುಸ್ಕರರಿಗೆ ಬಾಲ್ಯದಲ್ಲಿ ಪಟಾಕಿಯಿಂದ ಕಣ್ಣಿಗೆ ಪೆಟ್ಟಾಗಿತ್ತು. ಅವರೂ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಸ್ವರಲಿಪಿಯ ಮೂಲಕ ಸಾಮಾನ್ಯರ ಮಕ್ಕಳಿಗೂ ಕಲಿಸಲು ಹೊರಟರು. ವಿಷ್ಣು ನಾರಾಯಣ ಭಾತಖಂಡೆಯವರು ವೃತ್ತಿಯಲ್ಲಿ ವಕೀಲರು. ಊರೂರು ಸುತ್ತಿ, ರಾಮಪುರ ಮೊದಲಾದ ಕಡೆಯ ಉಸ್ತಾದರನ್ನು ಕಂಡು, ಸಾವಿರಕ್ಕೂ ಹೆಚ್ಚು ಬಂದಿಶ್‌ಗಳನ್ನು ಸಂಗ್ರಹಿಸಿ 'ಕ್ರಮಿಕ ಪುಸ್ತಕ ಮಾಲಿಕಾ'ದಲ್ಲಿ ಅಚ್ಚು ಹಾಕಿಸಿದರು. ನಾನು ನನ್ನ ನೋಟ್‌ಬುಕ್ಕಿನಲ್ಲಿ ಹಾಕುವ ಗೆರೆ, ಚುಕ್ಕೆಗಳೆಲ್ಲ ಅವರವೇ. ಅವರು ಬರೆದಿಡದಿದ್ದರೆ ಅವುಗಳಲ್ಲಿ ಎಷ್ಟು ಬಂದಿಶ್‌ಗಳು ಒಂದೊಂದು ಮನೆಯೊಳಗೇ ಮುಗಿದುಹೋಗುತ್ತಿದ್ದವೋ!

ಎರಡೂ ಪಕ್ಷ ಕೇಳಿದ ಮೇಲೆ ನನಗೆ ದಾರಿ ತೋರಿಸಿದ್ದು ನಮ್ಮ ಮನೆಯ ಎರಡು ಲಿಪಿಗಳು. ಕನ್ನಡದಲ್ಲಿ ಕಾಗುಣಿತವಿದೆ. ಇಕಾರ, ಉಕಾರ ಎಲ್ಲವೂ ಅಕ್ಷರದ ಮೇಲೆಯೇ ಕಾಣುತ್ತವೆ. ಅರ್ಥ ಗೊತ್ತಿಲ್ಲದ ಪದವನ್ನೂ ಓದಿಬಿಡಬಹುದು. ಉರ್ದುವಿನಲ್ಲಿ ಹಾಗಲ್ಲ. ಜೇರ್, ಜಬರ್, ಪೇಶ್ ಎಂಬ ಹ್ರಸ್ವ ಸ್ವರಗಳ ಗುರುತುಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಅಲಿಫ್, ಸೀನ್ ಎಂಬ ಎರಡೇ ಅಕ್ಷರ ಬರೆದರೆ ಅದು 'ಇಸ್' ಕೂಡ ಆಗಬಹುದು, 'ಉಸ್' ಕೂಡ ಆಗಬಹುದು. ಒಂದು ಹತ್ತಿರದ್ದು, ಇನ್ನೊಂದು ದೂರದ್ದು. ಆದರೂ ನಾವು ಉರ್ದು ಪತ್ರಿಕೆಯನ್ನು ತಡವರಿಸದೆ ಓದುತ್ತೇವೆ. ಏಕೆಂದರೆ ಭಾಷೆ ಮೊದಲೇ ಕಿವಿಯಲ್ಲಿದೆ. ಕಾಗದ ಅರ್ಧ ಹೇಳುತ್ತದೆ, ಕಿವಿ ಉಳಿದರ್ಧ ತುಂಬುತ್ತದೆ.

ನಮ್ಮ ಸರಿಗಮ ಸ್ವರಲಿಪಿ ಹೆಚ್ಚುಕಡಿಮೆ ಉರ್ದುವಿನಂತೆ. 'ಸ' ಎಂದು ಬರೆದರೆ ಅದು ಯಾವ ಶ್ರುತಿಯಲ್ಲಾದರೂ ಇರಬಹುದು, ಹಾಡುವವರು ಆರಿಸಿಕೊಳ್ಳುತ್ತಾರೆ. ಐದು ಗೆರೆಯ ನೊಟೇಶನ್ ಕನ್ನಡದಂತೆ. ಯಾವ ಶ್ರುತಿ, ಎಷ್ಟು ಕಾಲ, ಮೆಲ್ಲಗೋ ಜೋರೋ ಎಲ್ಲವನ್ನೂ ಬರೆಯಲು ನೋಡುತ್ತದೆ. ಆದರೆ ಕನ್ನಡ ಲಿಪಿ ಕೂಡ ಎಲ್ಲವನ್ನೂ ಹೇಳುತ್ತದೆಯೆ? 'ಬಾ' ಎಂದು ಬರೆದರೆ, ಅಮ್ಮ ಊಟಕ್ಕೆ ಕರೆದ 'ಬಾ' ಯಾವುದು, ಮಾರ್ಕ್ಸ್ ಕಾರ್ಡ್ ನೋಡಿ ಅಬ್ಬಾ ಕರೆದ 'ಬಾ' ಯಾವುದು ಎಂದು ತಿಳಿಯುವುದಿಲ್ಲ. 1904ರಲ್ಲಿ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಂಬ ದೊಡ್ಡ ಗ್ರಂಥ ಪ್ರಕಟಿಸಿದಾಗ ಗಮಕಗಳಿಗೆಂದೇ ಬೇರೆ ಬೇರೆ ಚಿಹ್ನೆಗಳನ್ನು ಬಳಸಿದರು. ಬರಿಯ ಸರಿಗಮ ಬರೆದರೆ ಹಾಡು ಪೂರ್ತಿ ಬಂದಂತಾಗುವುದಿಲ್ಲ ಎಂಬುದು ಬರೆದವರಿಗೇ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ, ಖಿರಾಅತ್ ಸಂಗೀತವಲ್ಲ. ಕಲಿಯುವ ಕ್ರಮದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ನನ್ನ ತಮ್ಮ ಹಿಫ್ಜ್ ಮಾಡುತ್ತಿದ್ದಾನೆ. ಅವನ ಮುಂದಿರುವ ಪುಟದಲ್ಲಿ ಒಂದು ಗುರುತೂ ಬಿಟ್ಟಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಎಲ್ಲವೂ ಬರೆದಿದೆ. ಆದರೂ ಪ್ರತಿದಿನ ಬೆಳಿಗ್ಗೆ ಉಸ್ತಾದರ ಮುಂದೆ ಕುಳಿತು ಸಬಕ್ ಒಪ್ಪಿಸಲೇಬೇಕು. ಸೀನ್ ಮತ್ತು ಸ್ವಾದ್ ಅಕ್ಷರಗಳ ವ್ಯತ್ಯಾಸ ನಾಲಿಗೆಗೆ ಬರುವುದು ಕೇಳಿ, ತಿದ್ದಿಸಿಕೊಂಡ ಮೇಲೆಯೇ. ಬರಹವೂ ಇದೆ, ಬಾಯಿಪಾಠವೂ ಇದೆ. ಒಂದು ಇನ್ನೊಂದನ್ನು ಕಾಯುತ್ತದೆ. ಬರಹ ಇದೆಯೆಂದು ಉಸ್ತಾದರನ್ನು ಯಾರೂ ಬೇಡ ಎನ್ನಲಿಲ್ಲ.

ಇದನ್ನು ನಮ್ಮ ಬ್ಯಾಂಡಿನಲ್ಲೇ ಕಣ್ಣಾರೆ ಕಂಡೆ. ಕಳೆದ ವರ್ಷ ಮಾಮುವಿನ ಮುಂದಿನ ಎರಡು ಹಲ್ಲು ಅಲುಗಾಡಿ ಕೀಳಿಸಬೇಕಾಯಿತು. ಕ್ಲಾರಿನೆಟ್ ಊದುವವರು ಅದರ ಬಾಯನ್ನು ಮೇಲಿನ ಹಲ್ಲು, ಕೆಳತುಟಿಗಳ ನಡುವೆ ಹಿಡಿಯುತ್ತಾರೆ. ಹಲ್ಲು ಕಟ್ಟಿಸಿ ಅಭ್ಯಾಸವಾಗುವವರೆಗೆ ನುಡಿಸಲಾಗಲಿಲ್ಲ. ಮದುವೆಗಳಿಗೆ ಸಂಚಕಾರ ಮಾತ್ರ ಬಂದಾಗಿತ್ತು. ಅದು ನನ್ನ ಪುಸ್ತಕದಲ್ಲೇ ಇತ್ತು. ಬ್ಯಾಂಡಿನ ಇನ್ನೊಬ್ಬ ಹುಡುಗ ಹೊಸ ಹಾಡುಗಳನ್ನು ನುಡಿಸಬಲ್ಲ. ಆದರೆ ವಧುವನ್ನು ಕಳಿಸಿಕೊಡುವಾಗ ನುಡಿಸುವ ಹಳೆಯ ಧಾಟಿಗಳು ಯಾವ ಮೊಬೈಲಿನಲ್ಲೂ ಇಲ್ಲ. ಉಸ್ತಾದರು ತೀರಿಕೊಂಡು ಬಹಳ ಕಾಲವಾಗಿತ್ತು. ಆಗ ನನ್ನ ನೋಟ್‌ಬುಕ್ಕಿನ ಹಿಂದಿನ ಪುಟಗಳು ಕೆಲಸಕ್ಕೆ ಬಂದವು.

ಹುಡುಗನಿಗೆ ಕನ್ನಡ ಅಕ್ಷರ ಬರುತ್ತದೆ. ಗೆರೆ, ಚುಕ್ಕೆಗಳ ಅರ್ಥ ಒಂದು ಸಂಜೆಯಲ್ಲಿ ಹೇಳಿಕೊಟ್ಟೆ. ಎರಡನೆಯ ಸಂಜೆ ಅವನು ಒಂದು ಧಾಟಿಯನ್ನು ಸ್ವರ ತಪ್ಪದೆ ನುಡಿಸಿದ. ಎಲ್ಲ ಸ್ವರವೂ ಸರಿ, ಕೆಹರವಾ ತಾಳದ ಎಂಟು ಮಾತ್ರೆಯೂ ಸರಿ. ಆದರೂ ಕೇಳಿದವರಿಗೆ ಅಳು ಬರುವಂತಿರಲಿಲ್ಲ. ಮಾಮು ಕುರ್ಚಿಯಲ್ಲಿ ಕುಳಿತು, ಹಲ್ಲಿಲ್ಲದ ಬಾಯಲ್ಲೇ ಗುನುಗಿದರು. "ಗಾ ಮೇಲಿಂದ ರೇಗೆ ಮೆಟ್ಟಿಲು ಇಳಿದ ಹಾಗೆ ಇಳಿಯಬೇಡ ಬೇಟಾ, ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ ಇಳಿ" ಎಂದರು. ನನ್ನ ಪುಟದಲ್ಲಿ ಅಲ್ಲಿ ಮೀಂಡಿನ ಕಮಾನು ಗೆರೆ ಇತ್ತು. ಕಮಾನು 'ಜಾರು' ಎನ್ನುತ್ತದೆ. ಎಷ್ಟು ನಿಧಾನ, ಎಲ್ಲಿ ಉಸಿರು ಕಡಿಮೆ ಮಾಡಬೇಕು ಎನ್ನುವುದಿಲ್ಲ. ನಾಲ್ಕು ದಿನದಲ್ಲಿ ಧಾಟಿ ಧಾಟಿಯಾಯಿತು. ಆ ತಿಂಗಳು ಒಂದು ಮದುವೆಯ ಸಂಚಕಾರವನ್ನೂ ಹಿಂದಿರುಗಿಸಬೇಕಾಗಿ ಬರಲಿಲ್ಲ.

ವಾಣಿಜ್ಯದ ವಿದ್ಯಾರ್ಥಿಯಾಗಿ ನನಗೆ ಹೊಳೆಯುವುದು ಇಷ್ಟು. ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಖಾಲಾ ಒಂದು ಕೀರ್ದಿ ಪುಸ್ತಕವನ್ನೂ ಇಟ್ಟವರಲ್ಲ. ಆದರೆ ಯಾರ ಬಾಕಿ ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಅವರು ವ್ಯಾಪಾರಿಯಲ್ಲ ಎನ್ನಲು ಯಾರಿಗೂ ಬಾಯಿ ಬಾರದು. ಲೆಕ್ಕ ಬರೆಯುವುದರಿಂದ ವ್ಯಾಪಾರ ಹುಟ್ಟುವುದಿಲ್ಲ. ಆದರೆ ಅವರು ಬ್ಯಾಂಕಿಗೆ ಸಾಲಕ್ಕೆ ಹೋದ ದಿನ ಬ್ಯಾಂಕು ಕಾಗದ ಕೇಳುತ್ತದೆ. ಅವರು ಕಾಯಿಲೆ ಬಿದ್ದ ದಿನ ಮಗಳಿಗೆ ಬಾಕಿಯ ಪಟ್ಟಿ ಬೇಕಾಗುತ್ತದೆ. ಬರಹ ಬೇಕಾಗುವುದು ಇಂಥ ಎರಡು ಹೊತ್ತಿನಲ್ಲಿ: ಗುರುತಿಲ್ಲದವರ ಬಾಗಿಲಿಗೆ ಹೋಗುವಾಗ, ಮತ್ತು ನಾವಿಲ್ಲದಾಗ.

ಸ್ವರಲಿಪಿಯೂ ಹಾಗೆಯೇ. ಸಂಗೀತಗಾರರಾಗಲು ಅದು ಬೇಕಿಲ್ಲ. ಕಿವಿ, ಕೈ, ಉಸಿರು, ವರ್ಷಗಟ್ಟಲೆ ಅಭ್ಯಾಸ ಬೇಕು. ಆದರೆ ಹೊಸಬರ ಜೊತೆ ಕೂತು ನುಡಿಸಲು, ಶಾಲೆಯಲ್ಲಿ ಕಲಿಸಲು, ಪರೀಕ್ಷೆ ಕಟ್ಟಲು, ನಾಳೆಯವರಿಗೆ ಬಿಟ್ಟುಹೋಗಲು ಅದು ಬೇಕು. ಹಾಗಾದರೆ ಆ ಶಾಲೆಯವರು ಕೇಳಿದ್ದು ಪೂರ್ತಿ ತಪ್ಪೆನ್ನಲಾರೆ. ಮಕ್ಕಳಿಗೆ ಓದಲು ಕಲಿಸುವವರೇ ಅವರಿಗೆ ಬೇಕಿದ್ದಿರಬಹುದು. ಆದರೆ ಕಿವಿಯಿಂದ ಕಲಿಸಬಲ್ಲವರೊಬ್ಬರು ಬಾಗಿಲಿಗೆ ಬಂದಿದ್ದರು. ಓದಲು ಬರುವುದಿಲ್ಲ ಎಂಬ ಒಂದೇ ಮಾತಿಗೆ ಅವರ ಮೂವತ್ತು ವರ್ಷವನ್ನು ಸೊನ್ನೆ ಎಂದು ಬರೆದದ್ದು ಸರಿಯಾದ ಲೆಕ್ಕವಲ್ಲ. ಇದ್ದ ಆಸ್ತಿಯನ್ನು ಎಣಿಸದೆ ಬರೆದ ಬ್ಯಾಲೆನ್ಸ್ ಶೀಟ್ ಅದು.

ಓದಲು ಬಾರದಿರುವುದು ಮಾಮುವಿನ ಕೊರತೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಅವರಿಗೆ ಕಲಿಸುವವರು ಮೂವತ್ತು ವರ್ಷ ಯಾರೂ ಸಿಗಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಗೋವಾದ ಹುಡುಗರಿಗೆ ಚರ್ಚ್ ಶಾಲೆ ಕಲಿಸಿತು. ಲೂಯಿ ಬ್ರೈಲ್ ಎಂಬ ಅಂಧ ಯುವಕ 1829ರಲ್ಲಿ ಪ್ರಕಟಿಸಿದ ಚುಕ್ಕೆ ಲಿಪಿಯಲ್ಲಿ ಅಕ್ಷರಗಳ ಜೊತೆಗೇ ಸಂಗೀತಕ್ಕೂ ದಾರಿ ಮಾಡಿಕೊಟ್ಟ. ಎಂದರೆ, ಕಲಿಸುವ ಮನಸ್ಸಿದ್ದರೆ ಕಣ್ಣು ಕಾಣದಿರುವುದೂ ಅಡ್ಡಿಯಲ್ಲ. ಬ್ಯಾಂಡಿನ ಹುಡುಗರಿಗೆ ಸಂಜೆ ಒಂದು ಗಂಟೆ ಕಲಿಸುವುದು ಎಷ್ಟು ದೊಡ್ಡ ಕೆಲಸ?

ಗೆಳತಿಯರೇ, ಗೆಳೆಯರೇ, ನಿಮ್ಮ ಮನೆಗಳಲ್ಲೂ ಬರೆಯದ ವಿದ್ಯೆ ಇರುವವರು ಇರಬಹುದು. ಜರಿ ಕೆಲಸದ ನಾನಿ, ಬಿರಿಯಾನಿ ದೇಗಿನ ಅಳತೆ ಬಲ್ಲ ಚಾಚಾ, ಕೀಲಿ ರಿಪೇರಿಯ ಅಬ್ಬಾ. ಅವರಿಗೆ ಬರಹ ಬಾರದಿದ್ದರೆ ನಾಚಿಕೆಪಡಬೇಡಿ. ನಮಗೆ ಬರಹ ಬರುತ್ತದೆಂದು ಬೀಗುವುದೂ ಬೇಡ. ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಿದ್ದಿಸಿಕೊಳ್ಳಿ.

ಈಗ ಮಾಮು ಹೊಸ ಹಲ್ಲಿನೊಂದಿಗೆ ಮತ್ತೆ ನುಡಿಸುತ್ತಿದ್ದಾರೆ. ಭಾನುವಾರ ಬಂದಾಗ ನಾನು ಅವರಿಗೆ ಕನ್ನಡದಲ್ಲಿ ಸ, ರಿ, ಗ, ಮ ಓದಲು ಹೇಳಿಕೊಡುತ್ತೇನೆ. ಏಳಕ್ಷರ ಬಂದಿದೆ, ಗೆರೆ, ಚುಕ್ಕೆಗಳು ಬರುತ್ತಿವೆ. ಹೋದ ವಾರ ನಾನು ಬರೆದುಕೊಂಡ ಒಂದು ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಓದಿ, "ಇದನ್ನು ಉಸ್ತಾದರು ಇನ್ನೊಂದು ರೀತಿಯಲ್ಲೂ ನುಡಿಸುತ್ತಿದ್ದರು, ಕೆಳಗೆ ಜಾಗ ಬಿಡು" ಎಂದರು. ಈಗ ಪ್ರತಿ ಪುಟದಲ್ಲೂ ಅರ್ಧ ಜಾಗ ಬಿಟ್ಟು ಬರೆಯುತ್ತಿದ್ದೇನೆ. ಇನ್ನೂರು ಪುಟ ಸಾಲದು; ಮುಂದಿನ ತಿಂಗಳ ಖರ್ಚಿನಲ್ಲಿ ಹೊಸ ನೋಟ್‌ಬುಕ್ಕಿನ ಹಣವನ್ನೂ ಸೇರಿಸಿದ್ದೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ